ಬೀರಪ್ಪನ ಸೀಟು

ತೆಲಂಗಾಣದ ಗಡಿಯ ಮಕ್ತಲದಲ್ಲಿ ನಮ್ಮ ಗೋಡೆಯಾಚೆ ಇರುವ ಆಶಪ್ಪಣ್ಣನಿಗೆ ಬಸ್ಸಿನ ರೋಗವೆಲ್ಲ ಕಿವಿಯಿಂದಲೇ ತಿಳಿಯುತ್ತಿತ್ತು. ಗೇರು ಕಿರುಗುಟ್ಟಿದರೆ ಇಂಥದ್ದು, ಎಂಜಿನ್ ಕೆಮ್ಮಿದರೆ ಇಂಥದ್ದು ಎಂದು ಚಹಾ ಕುಡಿಯುತ್ತಲೇ ತೀರ್ಪು ಕೊಡುತ್ತಿದ್ದ ಡ್ರೈವರ್ ಆತ. ಅಂಥವನು ರಿಟೈರಾದ ಮೇಲೆ ಕೊಂಡದ್ದು ಸದ್ದೇ ಮಾಡದ ಕಾರು. ಹಣೆಬರಹ ಅಂದರೆ ಇದೇ.

ಹೈದರಾಬಾದಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟಿದ್ದ ಹಳೆಯ ಹೈಬ್ರಿಡ್ ಕಾರು ಅದು. ಪೆಟ್ರೋಲಿನ ಎಂಜಿನ್ನೂ ಉಂಟು, ಕರೆಂಟಿನ ಮೋಟರೂ ಉಂಟು. ಯಾವಾಗ ಯಾವುದು ಎಳೆಯಬೇಕು ಎನ್ನುವುದು ಕಾರಿಗೇ ಬಿಟ್ಟ ವಿಷಯ. ಓಣಿಯೊಳಗೆ ಬಂದರೆ ನಾಯಿ ಕೂಡ ತಲೆ ಎತ್ತುತ್ತಿರಲಿಲ್ಲ. ಕುರಿ ಹಿಂಡಿನ ಹಿಂದೆ ನಿಂತು ಹಾರ್ನ್ ಒತ್ತಿದರೆ ಕುರಿಗಳಿಗಿಂತ ಹೆಚ್ಚಾಗಿ ಕಾಯುವವನೇ ಬೆಚ್ಚಿಬೀಳುತ್ತಿದ್ದ. ನನಗೆ ಆ ಕಾರು ಮೊದಲ ದಿನದಿಂದಲೂ ಸೇರಲಿಲ್ಲ. ಹೇಳದೆ ಬರುವ ನೆಂಟರನ್ನೂ ಸದ್ದಿಲ್ಲದೆ ಬರುವ ಗಾಡಿಯನ್ನೂ ನಾನು ನಂಬುವವನಲ್ಲ.

ಆದರೆ ಅವನು ಕಾರು ಕೊಂಡ ಕಾರಣ ಗೊತ್ತಿದ್ದರಿಂದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅವರ ಮನೆದೇವರು ಬೀರಪ್ಪ. ವರ್ಷಕ್ಕೊಮ್ಮೆ ಆ ಹಿತ್ತಾಳೆಯ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಜೂರಾಲದ ಹತ್ತಿರ ಕೃಷ್ಣೆಗೆ ಒಯ್ದು, ಸ್ನಾನ ಮಾಡಿಸಿ ತರುವುದು ಅವರ ಪದ್ಧತಿ. ಆಶಪ್ಪಣ್ಣನ ಅಪ್ಪ ಬದುಕಿರುವವರೆಗೂ ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆದವನು. ಮಗನಿಗೆ ಮಾತ್ರ ಸರಿಯಾಗಿ ಅದೇ ದಿನ ಡ್ಯೂಟಿ; ಹೊಳೆಗೆ ಹೋಗುವ ಜನಕ್ಕೆಂದು ಬಿಡುವ ಸ್ಪೆಷಲ್ ಬಸ್ಸಿಗೆ ಅವನೇ ಡ್ರೈವರ್. ಊರವರನ್ನೆಲ್ಲ ಹೊಳೆ ಮುಟ್ಟಿಸಿದವನು ತನ್ನ ದೇವರನ್ನು ಒಮ್ಮೆಯೂ ಮುಟ್ಟಿಸಲಿಲ್ಲ. ರಿಟೈರಾದಾಗ ಪುರುಸೊತ್ತು ಬಂತು, ಮೊಣಕಾಲು ಹೋಯಿತು. ಹೊರಲು ಆಗದಿದ್ದರೇನು, ಕೂಡಿಸಿಕೊಂಡು ಒಯ್ಯುತ್ತೇನೆ ಎಂದು ಹರಕೆ ಹೊತ್ತ. ಪೂಜಾರಿ ತಾಯಣ್ಣನೂ ಆಗಲಿ ಎಂದ.

ಕಾರು ಬಂದ ದಿನವೇ ಹಿಂದಿನ ಸೀಟು ದೇವರ ಪಾಲಾಯಿತು. ಕರಿ ಕಂಬಳಿಯ ಗದ್ದುಗೆ ಇಲ್ಲದೆ ಬೀರಪ್ಪ ಕೂಡುವುದಿಲ್ಲ. ಹೀಗಾಗಿ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ದಪ್ಪ ಕಂಬಳಿ ಹಾಸಿ, ಅಂಚುಗಳನ್ನು ಸಂದಿಗೆ ತುರುಕಿದ. ಭಾನುವಾರ ಅವರು ನಡೆದುಕೊಳ್ಳುವ ಇನ್ನೊಬ್ಬ ದೇವರು ಮೈಲಾರನ ವಾರವಲ್ಲವೇ, ಅಂದು ಅದರ ಮೇಲೆ ಒಂದು ಮುಷ್ಟಿ ಭಂಡಾರ, ಎಂದರೆ ಅರಿಶಿನದ ಪುಡಿ, ತೂರುತ್ತಿದ್ದ. ಹೆಂಡತಿ ಮೈಲಮ್ಮ ಸಂತೆಯ ಚೀಲವನ್ನು ಕೂಡ ಅಲ್ಲಿ ಇಡುವಂತಿರಲಿಲ್ಲ. ಪಾಪ, ಕುಂಬಳಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ಕೂಡುತ್ತಿದ್ದಳು.

ದೇವರು ಹೊಳೆಗೆ ಹೋಗಲು ವಾರವಿದೆ ಎನ್ನುವಾಗ ಕಾರಿನ ಸ್ಟೇರಿಂಗಿನ ಮುಂದೆ ಕೆಂಪು ದೀಪ ಹತ್ತಿತು. ಮೂರು ಮೂಲೆಯ ಗುರುತು, ನಡುವೆ ಒಂದು ಗೀಟು, ಕೆಳಗೊಂದು ಚುಕ್ಕಿ. ಎದುರು ಮನೆಯ ಶ್ರೀನಿವಾಸುಲು ಬಗ್ಗಿ ನೋಡಿ, ಡಾಕ್ಟರು ನಿನಗೆ ನಾಮ ಹಾಕಿದ್ದಾನೆ, ಗುರುತೂ ಹಾಗೇ ಇದೆ ಎಂದು ತೆಲುಗಿನಲ್ಲಿ ನಕ್ಕ. ಅವನ ಬಳಿ ಒಂದು ಡೀಸೆಲ್ ಜೀಪಿತ್ತು, ಅದರ ಸೊಕ್ಕು ಅವನಿಗೆ. ಹೊರಟ ದೇವರನ್ನು ನಡುದಾರಿಯಲ್ಲಿ ಇಳಿಸುವುದು ಕುಲಕ್ಕೆ ಆಗಿಬರುವುದಿಲ್ಲ, ದೀಪ ಆರದಿದ್ದರೆ ಜೀಪಿನಲ್ಲೇ ಒಯ್ಯೋಣ ಎಂದು ತಾಯಣ್ಣ ಹೇಳಿಬಿಟ್ಟ. ಆಶಪ್ಪಣ್ಣ ಅಂದು ಊಟ ಮಾಡಲಿಲ್ಲ. ನನಗೂ ಕೆಡುಕೆನಿಸಿತು. ಕಾರು ಸೇರದಿದ್ದರೂ ಮನುಷ್ಯ ಸೇರುತ್ತಿದ್ದನಲ್ಲ.

ಮರುದಿನದಿಂದ ಅಂಗಳದಲ್ಲೇ ಚಿಕಿತ್ಸೆ ಶುರುವಾಯಿತು. ಬಾನೆಟ್ಟಿಗೆ ಕಿವಿ ಹಚ್ಚಿದ; ಒಳಗೆ ಏನೂ ಕೇಳಲಿಲ್ಲ. ಟೈರಿಗೆ ಗಾಳಿ ಹೊಡೆಸಿದ, ಆಯಿಲ್ ನೋಡಿದ, ಪೆಟ್ರೋಲ್ ಮುಚ್ಚಳ ತಿರುವಿದ, ನಿಂಬೆಹಣ್ಣು ಕಟ್ಟಿದ. ಗದ್ವಾಲಿನ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ, ಕಿತ್ತಳೆ ಬಣ್ಣದ ವೈರು ಕಂಡವನೇ ಮೆಲ್ಲಗೆ ಮುಚ್ಚಿ ಕೈಮುಗಿದ. ಅದರಲ್ಲಿ ಹರಿಯುವ ಕರೆಂಟು ಆಳನ್ನೇ ಎತ್ತಿ ಒಗೆಯುತ್ತದಂತೆ. ಕೊನೆಗೆ ಆಶಪ್ಪಣ್ಣ ಮೈಲಮ್ಮನ ಸ್ಟಿಕರ್ ಬೊಟ್ಟೊಂದನ್ನು ಕದ್ದು ದೀಪದ ಮೇಲೆ ಅಂಟಿಸಿ, ಆರಿತು ನೋಡು ಎಂದು ತಾಯಣ್ಣನನ್ನು ಕರೆದು ತೋರಿಸಿದ. ಬೊಟ್ಟು ಚಿಕ್ಕದು, ದೀಪ ದೊಡ್ಡದು. ಬೊಟ್ಟಿಟ್ಟ ಮೇಲೆ ಇನ್ನೂ ಲಕ್ಷಣವಾಗಿ ಉರಿಯುತ್ತಿದೆ ಎಂದು ತಾಯಣ್ಣ ಹೊರಟುಹೋದ.

ಆಗ ಬಂದವಳು ಹರಿತಾ, ಆಶಪ್ಪಣ್ಣನ ತಂಗಿಯ ಮಗಳು. ನಾರಾಯಣಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವಳು. ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರ್ ಒಂದನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ, ತನ್ನ ಫೋನಿನಲ್ಲಿ ಕಾರಿನ ದೂರು ಓದಿದಳು. ಬ್ಯಾಟರಿಯನ್ನು ತಣ್ಣಗಿಡುವ ಫ್ಯಾನಿಗೆ ಗಾಳಿ ಸಾಲುತ್ತಿಲ್ಲ, ಬ್ಯಾಟರಿ ಕಾಯುತ್ತಿದೆ ಎಂದು ಬಂತು. ದೂರನ್ನು ಅಳಿಸಿದಳು, ದೀಪ ಆರಿತು, ಮಾವ ಕುಣಿದ, ಅವಳು ಬಸ್ಸು ಹತ್ತಿ ಹೋದಳು. ಗದ್ವಾಲ ರಸ್ತೆಯಲ್ಲಿ ಬಿಸಿಲಿಗೆ ಸ್ವಲ್ಪ ದೂರ ಓಡಿಸಿದ್ದೇ ತಡ, ದೀಪ ಮತ್ತೆ ಹತ್ತಿತು.

ಫ್ಯಾನಿಗೆ ಗಾಳಿ ಸಾಲದು ಎಂದರೆ ಗಾಳಿ ಕೊಟ್ಟರಾಯಿತು ಎಂದು ಆಶಪ್ಪಣ್ಣ ಮನೆಯ ಟೇಬಲ್ ಫ್ಯಾನು ಹೊರಗೆ ತಂದು, ಬಾನೆಟ್ ಎತ್ತಿ, ಅಲ್ಲಿ ಕಾಣುವ ಚಿಕ್ಕ ಬ್ಯಾಟರಿಗೆ ಗಾಳಿ ಹಾಕುತ್ತ ಕುಳಿತ. ಇಷ್ಟು ದಿನ ಸುಮ್ಮನಿದ್ದ ಮೈಲಮ್ಮ ಆಗ ಸೆರಗಿನಿಂದ ಬೆವರು ಒರೆಸುತ್ತ ಹೊರಗೆ ಬಂದಳು. ಹರಿತಾಗೆ ಫೋನು ಹಚ್ಚಿ, ಬಿಸಿಯಾಗುವ ಆ ಬ್ಯಾಟರಿ ಎಲ್ಲಿದೆ ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಕೇಳಲು ತೋಚದ ಪ್ರಶ್ನೆ. ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗಿರುತ್ತದೆ, ಅದು ಗಾಳಿ ಎಳೆಯುವ ಕಿಂಡಿ ಸೀಟಿನ ಮಗ್ಗುಲಲ್ಲೇ ಇರುತ್ತದೆ ಎಂದಳು ಹುಡುಗಿ. ಮೈಲಮ್ಮ ಫೋನು ಇಟ್ಟು ಕಾರಿನ ಬಾಗಿಲು ತೆರೆದಳು.

"ಕಂಬಳಿ ತೆಗೀರಿ."

"ಅದು ದೇವರ ಗದ್ದಿಗಿ ಐತಿ."

"ಆ ಗದ್ದಿಗಿ ಕೆಳಗ ಕಾರು ಉಸಿರು ಕಟ್ಟಿ ಸಾಯಾಕತ್ತೈತಿ, ತೆಗೀರಿ."

ಅವನು ತಾಯಣ್ಣನ ಬಳಿಗೆ ಓಡಿದ. ದೇವರು ಕೂತ ಮೇಲೆ ಗದ್ದುಗೆ, ಅಲ್ಲಿಯವರೆಗೆ ಬರೀ ಉಣ್ಣೆ ಎಂದು ತಾಯಣ್ಣ ತೀರ್ಪು ಕೊಟ್ಟ. ಕಂಬಳಿ ಎತ್ತಿದೆವು. ಸೀಟಿನ ಮಗ್ಗುಲಲ್ಲಿ ಜರಡಿಯಂಥ ಒಂದು ಕಿಂಡಿ; ಅದರ ತುಂಬ ಕರಿ ಉಣ್ಣೆಯ ಎಳೆ, ಎಳೆಗಳ ನಡುವೆ ಗಟ್ಟಿಯಾದ ಅರಿಶಿನ. ಆಶಪ್ಪಣ್ಣ ತಲೆ ಮೇಲೆ ಕೈ ಹೊತ್ತು ಕುಳಿತ. ದೇವರಿಗೆಂದು ತಾನೇ ಹಾಕಿದ ಭಂಡಾರ ದೇವರ ದಾರಿಗೇ ಅಡ್ಡ ಬಂತಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಮೈಲಮ್ಮ ಹಳೆಯ ಹಲ್ಲುಜ್ಜುವ ಬ್ರಷ್ಷು ತಂದು ಅವನ ಕೈಗೆ ಕೊಟ್ಟಳು.

ಮರುದಿನ ಹರಿತಾ ಮತ್ತೆ ಬಂದು ದೂರನ್ನು ಅಳಿಸಿದಳು. ಒಳಗೆ ಉಳಿದ ಧೂಳು ಹೋಗಲಿ ಎಂದು ಫೋನಿನಿಂದಲೇ ಆ ಫ್ಯಾನನ್ನು ಜೋರಾಗಿ ತಿರುಗಿಸಿದಳು. ಆ ಗಾಳಿ ಹೊರಗೆ ಬರುವುದು ಡಿಕ್ಕಿಯೊಳಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೀಪು ತೊಳೆದು ನಿಲ್ಲಿಸಿ, ತಮಾಷೆ ನೋಡಲು ಬಂದ ಶ್ರೀನಿವಾಸುಲು ಆಗ ಡಿಕ್ಕಿಯೊಳಗೆ ತಲೆ ಹಾಕಿ ನಿಂತಿದ್ದ. ಅಲ್ಲಿ ನಿಲ್ಲಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮೀಸೆಯವರೆಗೆ ಹಳದಿಯಾಗಿ ಸೀನುತ್ತ ಅವನು ಮನೆಗೆ ಹೋದ. ಮಧ್ಯಾಹ್ನದ ಬಿಸಿಲಲ್ಲಿ ಜೂರಾಲಕ್ಕೆ ಹೋಗಿ ಬಂದೆವು, ದೀಪ ಹತ್ತಲಿಲ್ಲ.

ದೇವರು ಹೊರಡುವ ದಿನ ಬೆಳಿಗ್ಗೆ ಬೀರಪ್ಪನಿಗೆ ಮುಂದಿನ ಸೀಟು ಕೊಟ್ಟೆವು. ಕಂಬಳಿಯನ್ನು ಮಡಚಿ ಹಾಸಿ, ಅದರ ಮೇಲೆ ಬುಟ್ಟಿ ಇಟ್ಟರು. ಮೈಲಮ್ಮ, ತಾಯಣ್ಣ, ನಾನು ಹಿಂದೆ. ಡೊಳ್ಳಿನವರು ಮುಂದೆ ನಡೆದರು. ಆಶಪ್ಪಣ್ಣ ಕೈಮುಗಿದು ಕಾರು ಸರಿಸಿದ.

ಕೆಂಪು ದೀಪ ಹತ್ತಿತು. ಸಾಲದ್ದಕ್ಕೆ ಈ ಸಲ ಟಿಂಗ್ ಟಿಂಗ್ ಎಂಬ ಗಂಟೆ ಬೇರೆ.

ಆಶಪ್ಪಣ್ಣ ಬ್ರೇಕು ತುಳಿದ. ತಾಯಣ್ಣ ಕಿಟಕಿ ಇಳಿಸಿ ಜೀಪಿಗೆ ಕೈ ಮಾಡಲು ಹೊರಟಿದ್ದ. ಮೈಲಮ್ಮ ಹಿಂದಿನಿಂದ ಬಗ್ಗಿ, ಆ ಸೀಟಿನ ಬೆಲ್ಟ್ ಎಳೆದು, ಬುಟ್ಟಿಯ ಮೇಲಿಂದ ಹಾಯಿಸಿ ಟಕ್ ಎಂದು ಸಿಕ್ಕಿಸಿದಳು. ಗಂಟೆ ನಿಂತಿತು, ದೀಪ ಆರಿತು. ಹತ್ತಿದ್ದು ಬೆಲ್ಟ್ ಕಟ್ಟಿಲ್ಲವೆನ್ನುವ ಬೇರೆ ದೀಪ; ಹಿತ್ತಾಳೆಯ ಬೀರಪ್ಪನ ಭಾರಕ್ಕೆ ಕಾರು ಆತನನ್ನು ಮನುಷ್ಯನೆಂದೇ ತಿಳಿದಿತ್ತು.

"ದೇವರನ್ನ ಕಟ್ಟತಾರೇನವ್ವ?" ಎಂದ ತಾಯಣ್ಣ.

"ನಮ್ಮ ಮಾವ ಎರಡೂ ಕೈಲೆ ಬುಟ್ಟಿ ಹಿಡಕೊಂಡು ನಡೀತಿದ್ರು," ಎಂದಳು ಮೈಲಮ್ಮ. "ಇವರ ಕೈ ಸ್ಟೇರಿಂಗ್ ಮ್ಯಾಲ ಐತಿ. ದೇವರನ್ನ ಯಾರರ ಹಿಡೀಬೇಕಲ್ರಿ?"

ತಾಯಣ್ಣ ಕಿಟಕಿ ಏರಿಸಿದ. ದಾರಿಯುದ್ದಕ್ಕೂ ಆಶಪ್ಪಣ್ಣ ಎಷ್ಟು ಮೆಲ್ಲಗೆ ಓಡಿಸಿದನೆಂದರೆ, ಡೊಳ್ಳು ಬಡಿಯುತ್ತ ನಡೆದವರೇ ನಮಗಾಗಿ ಅಲ್ಲಲ್ಲಿ ನಿಂತು ಕಾಯಬೇಕಾಯಿತು. ದಂಡೆಗೆ ಬಂದಾಗ ಅವನೇ ಇಳಿದು ಬಂದು ಬೆಲ್ಟ್ ಬಿಚ್ಚಿದ. ತಾಯಣ್ಣ ಬುಟ್ಟಿ ಎತ್ತಲು ಹೋದರೆ ಬಿಡಲಿಲ್ಲ, ತನ್ನ ತಲೆಯ ಮೇಲೆ ಇಡಿಸಿಕೊಂಡ, ಎರಡೂ ಕೈಯಿಂದ ಹಿಡಿದುಕೊಂಡ, ಅಳುತ್ತಲೇ ನಡೆದ. ಕಾರಿನಿಂದ ನೀರಿಗೆ ಸ್ವಲ್ಪವೇ ದೂರ. ಅಷ್ಟಕ್ಕೆ ಅವನ ಮೊಣಕಾಲು ಸಾಲಿತು.