ಸೋಮವಾರ ನುಂಗಿದ ಪೆಟ್ಟಿಗೆ

ಚಂದ್ರಕ್ಕನ ಅಪ್ಪ ರೇಡಿಯೋ ರಿಪೇರಿಯವನು. ಅವನು ಬಿಚ್ಚಿ ಜೋಡಿಸಿದ ರೇಡಿಯೋದಲ್ಲಿ ನಾಳಿನ ವಾರ್ತೆ ಇವತ್ತೇ ಬರುತ್ತಿತ್ತು ಎಂದು ಹಿರಿಯೂರಿನಲ್ಲಿ ಆಣೆ ಮಾಡಿ ಹೇಳುವವರಿದ್ದಾರೆ. ಅವನಿಂದ ಮಗಳಿಗೆ ಬಂದ ಆಸ್ತಿಯೆಂದರೆ ಬಿಚ್ಚಿ ನೋಡುವ ಚಾಳಿ. ಬಸ್‌ಸ್ಟ್ಯಾಂಡ್ ಪಕ್ಕ ಇಪ್ಪತ್ತು ವರ್ಷ ಜೆರಾಕ್ಸ್ ಅಂಗಡಿ ನಡೆಸಿದ ಅವಳು ಮೆಷಿನ್ ಕೆಮ್ಮಿದ ಸದ್ದಿನ ಮೇಲೇ ಅದರ ಯಾವ ಹಲ್ಲು ಸವೆದಿದೆ ಎಂದು ರಸ್ತೆಯಲ್ಲಿ ನಿಂತು ಹೇಳಿಬಿಡುತ್ತಿದ್ದಳು. ಐವತ್ತು ದಾಟಿದ ಮೇಲೆ ಅಂಗಡಿ ಮುಚ್ಚಿ ಊರಿಗೆ ಬಂದಳು. ಊರವರು ನೀರಿನ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟರು.

ಊರಿನ ಹನ್ನೊಂದು ತೆಂಗಿನ ತೋಟಗಳಿಗೆ ಒಂದೇ ಪಂಪು. ಹಿಂದೆ ಅಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆಯಿತ್ತು. ಅದರ ತೊಗಲಿನ ಬಾನಿ ಎಷ್ಟು ದೊಡ್ಡದೆಂದರೆ, ಒಂದು ಸಲ ಬಾವಿಯಲ್ಲಿ ಈಜುತ್ತಿದ್ದ ಶಾನುಭೋಗರನ್ನೂ ಎತ್ತಿ ಕಾಲುವೆಗೆ ಸುರಿಯಿತಂತೆ. ಅವರು ತೇಲಿಕೊಂಡೇ ಕಚೇರಿ ಮುಟ್ಟಿದರಂತೆ. ಈಗ ಎತ್ತೂ ಇಲ್ಲ, ಶಾನುಭೋಗರೂ ಇಲ್ಲ. ಪಂಪ್‌ಹೌಸ್ ಗೋಡೆಗೆ ಅಂಗೈಯಗಲದ ಒಂದು ಲಿನಕ್ಸ್ ಕಂಪ್ಯೂಟರ್ ನೇತುಬಿದ್ದಿದೆ; ಅದೇ ನೀರಿನ ಪೆಟ್ಟಿಗೆ. ಅದರೊಳಗೆ ಎರಡು ಸರ್ವಿಸ್‌ಗಳು, ಅಂದರೆ ತಮ್ಮಷ್ಟಕ್ಕೆ ಸದಾ ದುಡಿಯುವ ಎರಡು ಪ್ರೋಗ್ರಾಂಗಳು. ಈಗ ಯಾರ ತೋಟದ ಪಾಳಿ ಎಂದು ಗಡಿಯಾರ ನೋಡಿ ಹೇಳುವುದು ‘ಸರದಿ’. ಹೇಳಿದ ಮಾತು ಕೇಳಿ ಆ ತೋಟದ ವಾಲ್ವ್ ತಿರುಗಿಸುವುದು ‘ತಿರುಪು’.

ತೊಂದರೆ ಶುರುವಾದದ್ದು ಮಂಗಳವಾರಗಳಲ್ಲಿ. ಮಂಗಳವಾರ ಬೆಳಗಿನ ನೀರು ಕಾಲುವೆಯ ಕೊನೆಯ ತೋಟದ ಕೆಂಚಪ್ಪನದು. ಅವನ ಪೈಪಿನಲ್ಲಿ ಹಸುಗೂಸಿನ ಉಚ್ಚೆಯಷ್ಟು ನೀರು. ಹುಡುಕಿಕೊಂಡು ಬಂದರೆ ಮುರುಗಪ್ಪನ ವಾಲ್ವೂ ತೆರೆದೇ ಇತ್ತು. ಅವನ ಪಾಳಿ ಭಾನುವಾರ ಸಂಜೆ ಆರೂವರೆಗೇ ಮುಗಿಯಬೇಕು. ಮುರುಗಪ್ಪ ಬೇರೆ ಯಾರೂ ಅಲ್ಲ, ಚಂದ್ರಕ್ಕನ ಒಡಹುಟ್ಟಿದ ಅಣ್ಣ.

ಮೂರು ವಾರ ಹೀಗೇ ಆದ ಮೇಲೆ ಕೆಂಚಪ್ಪ ಅವಳ ಜಗುಲಿಗೇ ಬಂದ. ಕೂರಲಿಲ್ಲ.

“ಚಂದ್ರಕ್ಕ, ಮೆಷಿನ್ನಿಗೆ ಅಣ್ಣ ತಮ್ಮ ಅಂತ ಇರಂಗಿಲ್ಲ. ಅದನ್ನ ನಡೆಸೋರಿಗೆ ಇರ್ತಾರೆ. ಬರೋ ಬುಧವಾರ ಎಲ್ರೂ ಸೇರ್ತೀವಿ. ಪೆಟ್ಟಿಗೆ ನಿನ್ನ ಕೈಯಾಗೆ ಇರ್ಬೇಕೋ ಬ್ಯಾಡ್ವೋ, ಅಲ್ಲೇ ತೀರ್ಮಾನ ಆಗ್ಲಿ.”

ಇಪ್ಪತ್ತು ವರ್ಷ ಊರಿನ ಪತ್ರ, ಪಹಣಿ, ಜಾತಕ ಎಲ್ಲ ಚಂದ್ರಕ್ಕನ ಕೈಮೇಲೆ ಹಾದಿದ್ದವು. ಒಂದಕ್ಷರ ಆಚೀಚೆ ಮಾಡಿದಳೆಂದು ಯಾರೂ ಅಂದಿರಲಿಲ್ಲ. ಕೆಂಚಪ್ಪನ ಮಾತು ಚುಚ್ಚಿತು, ನಿಜ. ಆದರೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿ ಕುತೂಹಲವಾಯಿತು. ಆರು ದಿನ ನೆಟ್ಟಗಿರುವ ಪೆಟ್ಟಿಗೆಗೆ ಮಂಗಳವಾರವೇ ಯಾಕೆ ಮೈಮೇಲೆ ಬರುತ್ತದೆ?

ಲ್ಯಾಪ್‌ಟಾಪ್ ಹಿಡಿದು ಪೆಟ್ಟಿಗೆಯ ದಿನಚರಿ ಓದಲು ಕೂತಳು. ಮೆಷಿನ್ನು ತಾನು ಮಾಡಿದ ಕೆಲಸವನ್ನೆಲ್ಲ ಗಳಿಗೆ ಗಳಿಗೆಗೂ ಅದರಲ್ಲಿ ಬರೆದಿಡುತ್ತದೆ. ಭಾನುವಾರ ಸಂಜೆ ಆರೂಕಾಲಿನವರೆಗೆ ಸರಿಯಾಗಿತ್ತು. ಅದರ ಮುಂದಿನ ಸಾಲುಗಳೂ ಭಾನುವಾರ ಸಂಜೆಯವೇ. ಅದರ ಮುಂದಿನದು, ಮಂಗಳವಾರ ಬೆಳಗ್ಗೆ. ಹಿಂದಿನ ವಾರವೂ ಹಾಗೇ, ಅದರ ಹಿಂದಿನದೂ ಹಾಗೇ. ಸೋಮವಾರಗಳೇ ಇರಲಿಲ್ಲ.

ತಿಂಗಳ ಹಿಂದೆ ಪಂಪ್‌ಹೌಸ್ ಕಾಯಲು ಬಂದ ಕರಿಸಿದ್ದಪ್ಪನನ್ನು ಕೇಳಿದಳು. ಅವನು ಹಳೆಯ ಕಪಿಲೆಯಲ್ಲಿ ಎತ್ತು ಹೊಡೆದವನು, ಎಂಬತ್ತರ ಮುದುಕ.

“ಸೋಮವಾರನಾ? ಆರಿಸ್ತೀನಿ.”

“ಯಾಕಜ್ಜ?”

“ಯಾಕೆ ಅಂದ್ರೆ? ಸೋಮವಾರ ಯಾರಾದ್ರೂ ಎತ್ತು ಕಟ್ತಾರೇನವ್ವ? ಇದೂ ಆರು ದಿನ ನೀರು ಎತ್ತೈತೆ. ಭಾನುವಾರ ದೀಪ ಹಚ್ಚೋ ಹೊತ್ಗೆ ಬಿಚ್ಚಿಬಿಡ್ತೀನಿ, ಮಂಗಳವಾರ ಬೆಳಗ್ಗೆ ಕಟ್ತೀನಿ.”

ಚಂದ್ರಕ್ಕನಿಗೆ ನಗು ಬಂತು. ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗವಿಲ್ಲ. ಕಪಿಲೆ ಕಾಲದಿಂದಲೂ ಆ ದಿನ ಯಾರಿಗೂ ಪಾಳಿಯಿಲ್ಲ. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವಳು ಅವಳೇ. ಸೋಮವಾರ ಖಾಲಿ ಬಿಟ್ಟದ್ದೂ ಅವಳೇ. ಆದರೆ ಪೆಟ್ಟಿಗೆಗೂ ರಜೆ ಸಿಗುತ್ತದೆಂದು ಹೊಳೆದಿರಲಿಲ್ಲ.

“ಬಿಚ್ಚೋವಾಗ ಮಾತ್ರ ಬಲೇ ಹಟ ಮಾಡ್ತೈತೆ ಕಣವ್ವ. ಬಟನ್ ಒತ್ತಿದ ಮ್ಯಾಲೆ ಒಂದೂವರೆ ನಿಮಿಷ ದೀಪ ಆರಲ್ಲ,” ಎಂದ ಅಜ್ಜ.

ಆ ಭಾನುವಾರ ಅವನ ಪಕ್ಕ ನಿಂತು ನೋಡಿದಳು. ಬಟನ್ ಒತ್ತಿದೊಡನೆ ‘ತಿರುಪು’ ಮೊದಲು ಮನೆಗೆ ಹೊರಟುಹೋಯಿತು. ಆಮೇಲೆ ‘ಸರದಿ’ಯು ಮುರುಗಪ್ಪನ ವಾಲ್ವ್ ಮುಚ್ಚು ಎಂದು ಕೂಗಿತು. ಕೇಳುವವರು ಯಾರಿದ್ದಾರೆ? ಉತ್ತರ ಬರಲಿ ಎಂದು ಒಂದೂವರೆ ನಿಮಿಷ ಕಾದು ಕೂತಿತು; ಕೊನೆಗೆ ಪೆಟ್ಟಿಗೆಯನ್ನೆಲ್ಲ ಆಳುವ ಲಿನಕ್ಸೇ ಕತ್ತು ಹಿಡಿದು ಹೊರಹಾಕಿತು. ವಾಲ್ವ್ ಬಾಯಿ ತೆರೆದೇ ಉಳಿಯಿತು.

ಮತ್ತೆ ಹಚ್ಚಿಸಿ, ‘ತಿರುಪು’ ಎದ್ದ ಮೇಲೆಯೇ ‘ಸರದಿ’ ಏಳಬೇಕು ಎಂದು ಒಂದು ಸಾಲು ಸೇರಿಸಿದಳು. ಏಳುವುದಕ್ಕೆ ಕ್ರಮ ಹೇಳಿದರೆ ಮಲಗುವಾಗ ಅದೇ ಕ್ರಮ ತಿರುಗಾಮುರುಗಾ ಆಗುತ್ತದೆ: ಕೊನೆಗೆ ಎದ್ದದ್ದು ಮೊದಲು ಮಲಗುತ್ತದೆ. ಈ ಸಲ ಬಟನ್ ಒತ್ತಿದರೆ ವಾಲ್ವ್ ಕಟಕಟ ಮುಚ್ಚಿತು, ಎರಡೇ ಕ್ಷಣದಲ್ಲಿ ದೀಪ ಆರಿತು. ಅಜ್ಜ ಪೆಟ್ಟಿಗೆಯ ಬೆನ್ನು ಸವರಿದ.

ಮಂಗಳವಾರ ಬೆಳಗ್ಗೆ ಕೆಂಚಪ್ಪನನ್ನೂ ಕರೆಸಿದಳು. ಅಜ್ಜ ಸ್ವಿಚ್ ಹಾಕಿದ. ಎಲ್ಲರ ಕಣ್ಣೆದುರಿಗೇ ಮುರುಗಪ್ಪನ ವಾಲ್ವ್ ತಿರುಗಿ ತೆರೆದುಕೊಂಡಿತು.

ಕೆಂಚಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದ. ಬೈದಿದ್ದರೆ ವಾಸಿಯಿತ್ತು.

ಸಭೆಗೆ ಉಳಿದಿದ್ದು ಒಂದೇ ದಿನ. ಆದರೂ ಚಂದ್ರಕ್ಕ ಪರದೆ ಬಿಟ್ಟು ಕಣ್ಣು ಕದಲಿಸಲಿಲ್ಲ. ಮೂಲೆಯಲ್ಲಿ ಗಡಿಯಾರವಿತ್ತು: ಭಾನುವಾರ, ಸಂಜೆ ಆರು ಇಪ್ಪತ್ತು. ನಾಲ್ಕು ನಿಮಿಷ ಕಳೆದು ಮೊಬೈಲ್ ಸಿಗ್ನಲ್ ಸಿಕ್ಕಿದ್ದೇ ತಡ, ಗಡಿಯಾರ ಒಂದೇ ನೆಗೆತಕ್ಕೆ ಮಂಗಳವಾರಕ್ಕೆ ಹಾರಿತು. ಕೆಂಚಪ್ಪನ ವಾಲ್ವೂ ತೆರೆಯಿತು. ಮುರುಗಪ್ಪನದನ್ನು ಮುಚ್ಚಬೇಕಾಗಿದ್ದ ಆರೂವರೆ ಗಂಟೆ ಮಾತ್ರ ಆ ನೆಗೆತದ ಕೆಳಗೆ ಎಲ್ಲೋ ಬಿದ್ದುಹೋಗಿತ್ತು.

“ಕೆಂಚಪ್ಪಣ್ಣ, ಇಲ್ಲಿ ಬಂದು ನೋಡ್ರಿ. ಇದ್ರೊಳಗೆ ಸ್ವಂತ ಗಡಿಯಾರ ಇಲ್ಲ. ಆರಿಸಿದಾಗ ಎಷ್ಟು ಹೊತ್ತಾಗಿತ್ತೋ ಏಳೋವಾಗ್ಲೂ ಅಷ್ಟೇ ಅಂದ್ಕಂತೈತೆ. ಸೋಮವಾರ ಕಳೆದಿದ್ದೇ ಗೊತ್ತಿಲ್ಲ ಇದಕ್ಕೆ.”

ಗಡಿಯಾರ ಸರಿಹೋಗುವ ತನಕ ‘ಸರದಿ’ ಏಳಕೂಡದು ಎಂದು ಬರೆದಳು. ಬೇಕೆಂದೇ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಭಾನುವಾರ ಸಂಜೆ ಮಾಡಿ, ಆರಿಸಿ ಹಚ್ಚಿದಳು. ಒಂದು ನಿಮಿಷ. ಮೂರು ನಿಮಿಷ. ಯಾವ ವಾಲ್ವೂ ಅಲುಗಲಿಲ್ಲ. ಕೆಂಚಪ್ಪ ಪರದೆಗೆ ಮೂಗು ತಾಗಿಸಿ ನಿಂತಿದ್ದ. ನಾಲ್ಕು ದಾಟಿದ ಮೇಲೆ ಕಟಕಟ ಸದ್ದಾಯಿತು, ಅವನದೊಂದೇ ತೆರೆಯಿತು. ಅವನ ತೋಟದ ಪೈಪು ಗುಟುರು ಹಾಕಿದ ಸದ್ದು ಮಾರಿಕಣಿವೆ ಜಲಾಶಯದ ಏರಿಯ ತನಕ ಕೇಳಿಸಿತೆಂದು ಅಜ್ಜ ಇವತ್ತಿಗೂ ಹೇಳುತ್ತಾನೆ.

ತೋಟಕ್ಕೆ ಹೊರಟ ಕೆಂಚಪ್ಪ ಬಾಗಿಲಲ್ಲಿ ನಿಂತ. “ಅಲ್ಲಕ್ಕ, ಪ್ರತಿ ಭಾನುವಾರ ಪಾಳಿ ಮುಗಿಯೋಕೆ ಕಾಲು ಗಂಟೆ ಮುಂಚೆ ಆರಿಸ್ತಿದ್ರು. ನಿಮ್ಮಣ್ಣ ಒಂದು ದಿನಾನೂ ಜಗಳಕ್ಕೆ ಬರ್ಲಿಲ್ವಲ್ಲ?”

ಅದು ಅವಳಿಗೂ ಆಗಲೇ ಹೊಳೆದಿತ್ತು. ಕಾಲು ಗಂಟೆ ಕಳೆದುಕೊಂಡವನಿಗೆ ಮಂಗಳವಾರ ಮಧ್ಯಾಹ್ನ ಪಾಳಿ ಬದಲಾಗುವ ತನಕ ನೀರು ಸಿಗುತ್ತಿತ್ತು. ಅಣ್ಣ ಏನನ್ನೂ ಮುಟ್ಟಿರಲಿಲ್ಲ, ಏನನ್ನೂ ಹೇಳಿಯೂ ಇರಲಿಲ್ಲ.

ಬುಧವಾರದ ಸಭೆಯಲ್ಲಿ ದಿನಚರಿಯನ್ನು ಅವಳೇ ಓದಿ ಹೇಳಿದಳು, ಅಣ್ಣನಿಗೆ ಹೆಚ್ಚು ನೀರು ಹೋದ ಸಾಲುಗಳನ್ನೂ ಬಿಡದೆ. ಪೆಟ್ಟಿಗೆ ಅವಳ ಕೈಯಲ್ಲೇ ಇರಲಿ ಎಂದು ಮೊದಲು ಅಂದವನು ಕೆಂಚಪ್ಪ. ಅವಳು ಕೂತಲ್ಲೇ ಲ್ಯಾಪ್‌ಟಾಪ್ ತೆರೆದು, ಮುರುಗಪ್ಪನ ಮುಂದಿನ ಮೂರು ಭಾನುವಾರದ ಪಾಳಿಗಳನ್ನು ಕೆಂಚಪ್ಪನ ಹೆಸರಿಗೆ ಹಾಕಿದಳು.

“ಏನ್ ಮಾಡ್ತಿದೀಯೇ ಚಂದ್ರಿ?” ಎಂದ ಮುರುಗಪ್ಪ.

“ನಿನ್ನ ನೀರು ತಿರುಗಿಸ್ತಿದೀನಿ ಕಣಣ್ಣ,” ಎಂದಳು, ತಲೆಯೆತ್ತದೆ.