ಚೆಲ್ಲಮ್ಮನ ಕೊಂಬು ಮತ್ತು ನನ್ನ ವೇದಾಂತ

ಸಾರಿಗೆ ಉಪ್ಪು ಕಡಿಮೆಯಾದರೆ ಸಾಕು, ನನ್ನ ವೈರಾಗ್ಯ ಅಲ್ಲೇ ಕುಸಿದು ಕೂರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ನಾನು ಮುಚ್ಚಿಟ್ಟರೂ ನನ್ನ ಹೆಂಡತಿ ಲಚ್ಚುಮಿ ಸೇಲಂ ಪೇಟೆಗೆಲ್ಲ ಹೇಳಿಬಿಡುತ್ತಾಳೆ. ಆದರೆ ಬೇರೆಯವರ ಮನೆಯ ಸಾರಿಗೆ ಉಪ್ಪು ಕಡಿಮೆಯಾಗಿರಲಿ, ಆಗ ನೋಡಬೇಕು ನನ್ನನ್ನು! ನಾಲಗೆಯ ಚಪಲ, ದೇಹದ ಅನಿತ್ಯ, ಮನಸ್ಸೆಂಬ ಮರ್ಕಟ, ಎಲ್ಲವೂ ಒಂದೇ ಉಸಿರಿಗೆ ಹೊರಬೀಳುತ್ತವೆ.

ಈ ಕಾಯಿಲೆ ಅಂಟಿದ್ದು ತಾತನಿಂದ. ಶಾಲೆಯಲ್ಲಿ ನಾವು ಕಲಿತದ್ದು ತಮಿಳು. ಕನ್ನಡವನ್ನು ತಾತ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡೇ ಕಲಿಸಿದ. ಲಾಳಿ ಅತ್ತ ಹೋಗುವಾಗ ಒಂದು ಅಕ್ಷರ, ಇತ್ತ ಬರುವಾಗ ಒಂದು ತತ್ತ್ವ. ಆ ತತ್ತ್ವ ಅವನ ಮೈಮೇಲೆ ಹಳೆಯ ಪಂಚೆಯ ಹಾಗೆ ಒಪ್ಪವಾಗಿ ಕೂರುತ್ತಿತ್ತು. ನಾನು ಉಟ್ಟರೆ ನಾಲ್ಕು ಹೆಜ್ಜೆಗೆ ಜಾರುತ್ತದೆ.

ಅಂಥದ್ದನ್ನು ನಾನು ತಂಗಿ ಸೌಡಮ್ಮನ ಮೇಲೆ ಪ್ರಯೋಗಿಸಿದೆ. ಅವಳಿರುವುದು ಅದಿಯಮಾನ್‌ಕೋಟೆಯಲ್ಲಿ. ಗಂಡ ಹೋದಮೇಲೆ ಅವಳ ಜೊತೆಗಿದ್ದದ್ದು ಚೆಲ್ಲಮ್ಮ ಎಂಬ ಎಮ್ಮೆ. ಅದು ಸತ್ತ ಬೆಳಿಗ್ಗೆ ನನಗೆ ಫೋನ್ ಮಾಡಿ ಅತ್ತಳು. ನಾನು ಗಂಟಲು ಸರಿಮಾಡಿಕೊಂಡು, "ಬಂದಿದ್ದು ಓಗ್ತೈತೆ ಕಣಮ್ಮ. ಎಮ್ಮೆ ಯಾರು, ನಾವು ಯಾರು? ಎಲ್ಲಾ ಮಾಯೆ" ಎಂದೆ. ಅತ್ತ ಕಡೆ ಅಳು ನಿಂತಿತು. ಮಾತು ನಾಟಿತೆಂದು ಬೀಗಿದೆ. ನೋಡಿದರೆ ಅವಳು ಫೋನೇ ಇಟ್ಟಿದ್ದಳು.

ಆಮೇಲೆ ಐದು ತಿಂಗಳು ಮಾತಿಲ್ಲ. ಮೌನ ಒಳ್ಳೆಯದು, ಮಾತೇ ಬಂಧನ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಆದರೆ ಫೋನು ಸದ್ದಾದರೆ ಹಲ್ಲುಜ್ಜುವುದನ್ನು ಬಿಟ್ಟು ಓಡುತ್ತಿದ್ದೆ. ಹೊಸ ಕಾಲರ್ ಟ್ಯೂನ್ ಬೇಕೇ ಎಂದು ಯಾರೋ ಕೇಳುತ್ತಿದ್ದರು.

ಅಷ್ಟರಲ್ಲಿ ಮಗ್ಗದ ಹಾಸು ಮುಗಿಯಿತು. ಹಾಸೆಂದರೆ ಬಟ್ಟೆಯ ಉದ್ದದ ಎಳೆಗಳು. ಹಳೆಯ ಹಾಸನ್ನು ನಾವು ಪೂರ್ತಿ ಕಿತ್ತುಹಾಕುವುದಿಲ್ಲ. ತುದಿಗಳನ್ನು ಮಗ್ಗದಲ್ಲೇ ಉಳಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆದು ಸೇರಿಸುತ್ತೇವೆ. ಎದುರುಬದುರು ಇಬ್ಬರು ಕೂತು ಮಾಡುವ ಇಡೀ ದಿನದ ಕೆಲಸ. ನನ್ನ ಮಗ್ಗಕ್ಕೆ ಯಾವಾಗಲೂ ಹೊಸೆದುಕೊಟ್ಟವಳು ಸೌಡಮ್ಮ. ಅವಳು ಹೊಸೆದದ್ದು ಎಳೆದರೂ ಬಿಚ್ಚದು. ನಾನು ಹೊಸೆದದ್ದು ಸೀನಿದರೆ ಬಿಚ್ಚುತ್ತದೆ.

"ಓಗಿ ಕರ್ಕಂಡ್ ಬಾ" ಎಂದಳು ಲಚ್ಚುಮಿ. "ವೇದಾಂತಾನ ಮಾತ್ರ ಇಲ್ಲೇ ಬಿಟ್ಟು ಓಗು. ಬಸ್ಸಲ್ಲಿ ಲಗೇಜ್ ಜಾಸ್ತಿ ಆಗ್ತೈತೆ."

ಬಿಟ್ಟು ಹೋಗಲಿಲ್ಲ. ಕ್ಷಮೆಯ ಮೇಲೆ ಒಂದು ಭಾಷಣವನ್ನು ಮನಸ್ಸಿನಲ್ಲೇ ಕಟ್ಟುತ್ತ ಬಸ್ಸು ಹತ್ತಿದೆ. ಯಾರೋ ನನ್ನ ಕಿಟಕಿ ಸೀಟಿನಲ್ಲಿ ಕೂತಿದ್ದ. ಈ ಲೋಕದಲ್ಲಿ ಯಾವುದೂ ನಮ್ಮದಲ್ಲ ಎಂಬ ಸಾಲಿಗೆ ಆಗಷ್ಟೇ ಬಂದಿದ್ದೆ. ಅದನ್ನು ಅಲ್ಲೇ ನಿಲ್ಲಿಸಿ ತೊಪ್ಪೂರು ಘಾಟಿಯವರೆಗೂ ಅವನೊಡನೆ ಜಗಳವಾಡಿದೆ.

ಸೌಡಮ್ಮ ಅಂಗಳ ಗುಡಿಸುತ್ತಿದ್ದಳು. ಗೂಟದಲ್ಲಿ ಎಮ್ಮೆಯ ಹಗ್ಗ ಹಾಗೇ ಇತ್ತು. ಗೂಟದ ಸುತ್ತ ಮಾತ್ರ ಪೊರಕೆ ಮೆಲ್ಲಗೆ ಆಡುತ್ತಿತ್ತು.

"ವಾಂಗ ಸಾಮಿ," ಎಂದು ತಮಿಳಿನಲ್ಲೇ ಸ್ವಾಗತಿಸಿದಳು. ಕೋಪ ಬಂದಾಗ ಮಾತ್ರ ಅವಳು ನನಗೆ ತಮಿಳಿನಲ್ಲಿ ಮರ್ಯಾದೆ ಕೊಡುವುದು. "ಎಳೆ ಒಸೀಬೇಕಾ? ಅಣ್ಣ ಯಾರು, ತಂಗಿ ಯಾರು? ಮಾಯೆ ಕೈಲೇ ಒಸೆಸ್ಕೋ ಓಗು."

ಕಟ್ಟಿಕೊಂಡು ಬಂದ ಭಾಷಣ ಬಸ್ಸಿನಲ್ಲೇ ಉಳಿದಿತ್ತು. "ಮಗ್ಗದಲ್ಲಿ ಅಳೇ ಎಳೆ ಕಾಯ್ತಾ ಐತೆ ಸೌಡಮ್ಮ" ಎಂದಷ್ಟೇ ಹೇಳಿದೆ.

"ಎಳೆ ಮೇಲೆ ನಂಗೇನ್ ಕೋಪ?" ಎಂದು ಸೀರೆ ಬದಲಿಸಿ ಹೊರಟಳು. ವಾಪಸ್ಸು ಬರುವಾಗ ಕಿಟಕಿ ಸೀಟನ್ನು ಅವಳಿಗೆ ಬಿಟ್ಟುಕೊಟ್ಟೆ. ವೈರಾಗ್ಯದಿಂದಲ್ಲ, ಭಯದಿಂದ.

ಮರುದಿನ ಬೆಳಿಗ್ಗೆ ಮಗ್ಗದ ಮುಂದೆ ಕೂತೆವು. ನಾನು ಎಳೆ ಆಯ್ದು ಕೊಡುವುದು, ಅವಳು ಹೊಸೆಯುವುದು. ಬೂದಿ ತೆಗೆದುಕೊಂಡವನು ಅಭ್ಯಾಸಬಲದಿಂದ ಹಣೆಗೆ ಹಚ್ಚಿಕೊಂಡೆ.

"ಅಣೆಗಲ್ಲ, ಬೆರಳಿಗೆ" ಎಂದಳು. ಅಂದಿನ ಮೊದಲ ಮಾತು. ಎಲ್ಲವೂ ಕೊನೆಗೆ ಬೂದಿಯೇ ಎಂಬ ತಾತನ ಮಾತು ನಾಲಗೆಯ ತುದಿಗೆ ಬಂತು. ಅಡುಗೆಮನೆಯಲ್ಲಿ ಲಚ್ಚುಮಿ ಕೆಮ್ಮಿದಳು. ನುಂಗಿಕೊಂಡೆ. ಬಾಯಿ ಮಾತ್ರ ತೆರೆದೇ ಇತ್ತು, ಏನಾದರೂ ಹೇಳಲೇಬೇಕಲ್ಲ!

"ಚೆಲ್ಲಮ್ಮಂಗೆ ಯಾವ ಕೊಂಬು ಬಾಗಿತ್ತು? ಎಡಗಡೇದಾ?"

ಅವಳ ಕೈ ನಿಂತಿತು. "ಬಲಗಡೇದು. ಅದೂ ನೆಪ್ಪಿಲ್ವಾ? ಪೊಂಗಲ್ ದಿನ ನಿನ್ ಪಂಚೇನ ಅರ್ದಿದ್ದು ಆ ಕೊಂಬೇ ಅಲ್ವಾ!" ಎಂದು ನಕ್ಕಳು. ನಗು ನಡುದಾರಿಯಲ್ಲಿ ಅಳುವಾಯಿತು. ಕೈ ಮತ್ತೆ ಹೊಸೆಯತೊಡಗಿತು.

ಇವಳು ಹೊಸ ಸೀರೆ ಉಟ್ಟರೆ ಚೆಲ್ಲಮ್ಮ ಹಾಲು ಕೊಡುತ್ತಿರಲಿಲ್ಲವಂತೆ. ಸಂತೆಗೆ ಹೋದರೆ ಬರುವವರೆಗೂ ಮೇವು ಮುಟ್ಟುತ್ತಿರಲಿಲ್ಲವಂತೆ. ಕೊನೆಯ ಬೆಳಿಗ್ಗೆ ಆ ಬಾಗಿದ ಕೊಂಬಿನ ತಲೆಯನ್ನು ಇವಳ ಮಡಿಲಲ್ಲಿಟ್ಟಿತಂತೆ. ಸಂಜೆಯವರೆಗೂ ಹೇಳಿದಳು. ನಾನು ಎಳೆ ಕೊಡುತ್ತ "ಊಂ" ಎಂದೆ. ಅಷ್ಟೊಂದು "ಊಂ" ಅನ್ನುವುದು ಎಷ್ಟು ಕಷ್ಟವೆಂದು ಉಪದೇಶಕರಿಗಷ್ಟೇ ಗೊತ್ತು.

ಕೆಲಸ ಮುಗಿಸಿ ಊರಿಗೆ ಹೊರಟವಳು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಳು: "ಬಸ್ ಬರಕ್ಕೆ ಟೈಮೈತೆ. ಈಗ ಬೇಕಾದ್ರೆ ನಿನ್ ತತ್ವ ಏಳಣ್ಣ, ಕೇಳ್ತೀನಿ."

ಗಂಟಲು ಸರಿಮಾಡಿಕೊಂಡೆ. ಒಂದೂ ನೆನಪಾಗಲಿಲ್ಲ.

ಮನೆಗೆ ಬಂದು, ರಾತ್ರಿ ತಡವಾಗಿ ಊಟಕ್ಕೆ ಕೂತೆ. ತುತ್ತಿನ ನಡುವೆ ಫೋನು ಬಂತು. "ಬಂದು ಸೇರ್ದೆ ಕಣಣ್ಣ" ಎಂದಳು ಸೌಡಮ್ಮ. ತಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಾಗಿ ಲಚ್ಚುಮಿ ಹೇಳಿದ್ದು, ನಾನು ಎರಡನೇ ಸಲ ಬಡಿಸಿಕೊಂಡು ಉಂಡಮೇಲೆ.