ಮೂರನೇ ಅನುಬಂಧದ ಐದೂವರೆ ಗಂಟೆ

ಆ ಫೋನಿನ ಪರದೆಯ ಎಡಮೂಲೆ ಬಿರಿದಿತ್ತು. ಬಿರುಕಿನ ಮೇಲೆ ಅಂಟಿಸಿದ್ದ ಟೇಪಿನ ಕೆಳಗೆ ಒಂದು ಗುಂಗುರು ಕೂದಲು ಸಿಕ್ಕಿಕೊಂಡಿತ್ತು. ಉದ್ದ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಮುದ್ರೆ ಒಡೆದು ಲಕೋಟೆ ತೆರೆದ ಕೂಡಲೇ ಅದನ್ನೂ ಬರೆದುಕೊಂಡೆ, ಫೋಟೊ ತೆಗೆದೆ. ಹಾಗೆ ಬರೆಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಬರೆದದ್ದನ್ನು ಯಾರೂ ಓದಲೂ ಇಲ್ಲ.

ಹೈದರಾಬಾದಿನ ಆ ಡಿಜಿಟಲ್ ಫೊರೆನ್ಸಿಕ್ ಪ್ರಯೋಗಾಲಯದಲ್ಲಿ ಅದು ನನ್ನ ಮೂರನೇ ವರ್ಷ. ಪೊಲೀಸರು ವಶಪಡಿಸಿಕೊಂಡ ಫೋನು, ಲ್ಯಾಪ್‌ಟಾಪುಗಳು ನಮ್ಮಲ್ಲಿಗೆ ಬರುತ್ತಿದ್ದವು. ಮೂಲದಲ್ಲಿ ಏನೂ ಬದಲಾಗದಂತೆ ಅದರ ಪೂರ್ತಿ ಪ್ರತಿ ತೆಗೆದು, ಆ ಪ್ರತಿಯ ಹ್ಯಾಶ್ ಸಂಖ್ಯೆಯನ್ನು ದಾಖಲಿಸುವುದು ನನ್ನ ಕೆಲಸ. ಒಳಗೆ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಯಾರೂ ತಿದ್ದಿಲ್ಲವೆಂದು ನ್ಯಾಯಾಲಯ ನಂಬುವುದು ಅದರ ಆಧಾರದ ಮೇಲೆ. ಆ ಪ್ರತಿಯೊಳಗೆ ಹುಡುಕಿ, ಸಿಕ್ಕಿದ್ದನ್ನು ವರದಿ ಮಾಡಿ, ಸಹಿ ಹಾಕಿ, ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳುವುದು ನನ್ನ ಸಹೋದ್ಯೋಗಿಯ ಕೆಲಸ. ಆಕೆ ವರಂಗಲ್ಲಿನವಳು, ನನ್ನದೇ ವಯಸ್ಸು. ನನಗಿಂತ ಒಂದು ವರ್ಷ ತಡವಾಗಿ ಸೇರಿದ್ದಳು.

ಮೊದಲು ಆ ಜಾಗಕ್ಕೆ ನಾನೇ ಹೋಗಬೇಕಿತ್ತು. ಮುಖ್ಯಸ್ಥರನ್ನು ಒಮ್ಮೆ ಕೇಳಿಯೂ ಇದ್ದೆ. ಅವರು ನಕ್ಕು, "ಆಪ್ ತೋ ಬೋಲ್ತೇಚ್ ನೈ, ಮೇಡಂ" ಎಂದರು. ನೀವು ಬಾಯಿಯೇ ಬಿಡುವುದಿಲ್ಲ, ಕೋರ್ಟಿನಲ್ಲಿ ನಿಂತು ಏನು ಮಾಡುತ್ತೀರಿ ಎಂದು ಅದರರ್ಥ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇನ್‌ಸ್ಪೆಕ್ಟರುಗಳು ಬಾಗಿಲಲ್ಲಿ ನಿಂತು, ಒಳಗೆ ಕುಳಿತ ನನ್ನನ್ನು ನೋಡುತ್ತಲೇ "ಮೇಡಂ ಲೇರಾ?" ಎಂದು ಕೇಳುತ್ತಿದ್ದರು. ಮೇಡಂ ಇಲ್ಲವೇ ಎಂದು. ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಆಕೆ ಬಂದರೆ ಕೋಣೆಯಲ್ಲಿ ಚಹಾ ಬರುತ್ತಿತ್ತು, ನಗು ಬರುತ್ತಿತ್ತು. ನನಗೂ ಒಂದು ಕಪ್ಪು ಬರುತ್ತಿತ್ತು, ಆಕೆ ನೆನಪಿಟ್ಟು ತರಿಸುತ್ತಿದ್ದಳು. ಅದು ನನ್ನನ್ನು ಇನ್ನೂ ಹೆಚ್ಚು ಸುಡುತ್ತಿತ್ತು.

ಬಿರಿದ ಪರದೆಯ ಆ ಫೋನು ಮಣಿಕೊಂಡದ ಹತ್ತಿರದ ಒಂದು ದೊಡ್ಡ ಕಟ್ಟಡದ ಸೂಪರ್‌ವೈಸರನದು. ಅವನ ಕೈಕೆಳಗೆ ನೆಲ ಒರೆಸುವ ಕೆಲಸಕ್ಕಿದ್ದ ಹೆಂಗಸು ಯಾದಗಿರಿ ಕಡೆಯವಳು. ಅವನೂ ಅದೇ ಸೀಮೆಯವನು. ಆಕೆ ಅವನ ಮಾತಿಗೆ ಒಪ್ಪಲಿಲ್ಲ. ಅವನು ಆಕೆಯ ಹೆಸರು, ಫೋಟೊ ಹಾಕಿ ಒಂದು ನಕಲಿ ಖಾತೆ ತೆರೆದು, ಆಕೆಯೇ ಬರೆದಂತೆ ಆಕೆಯ ಭಾವನಿಗೆ ಹೇಸಿಗೆ ಸಂದೇಶಗಳನ್ನು ಕಳಿಸಿದ ಎಂಬುದು ದೂರು. ಗಂಡ ಆಕೆಯನ್ನು ಬಿಟ್ಟು ಮಗಳನ್ನು ಊರಿಗೆ ಕರೆದುಕೊಂಡು ಹೋಗಿದ್ದ. ಖಾತೆ ಆ ಫೋನಿನಲ್ಲಿ ತೆರೆದದ್ದೆಂದು ನನ್ನ ಸಹೋದ್ಯೋಗಿ ಪತ್ತೆ ಹಚ್ಚಿದ್ದಳು. ಒಳ್ಳೆಯ ಕೆಲಸ. ನಾನು ಹೊಗಳಲಿಲ್ಲ.

ಕೋರ್ಟಿನಲ್ಲಿ ಆಕೆಯ ಸಾಕ್ಷ್ಯ ಬುಧವಾರಕ್ಕಿತ್ತು. ಸಂದೇಶಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿದ್ದುದರಿಂದ, ಸರ್ಕಾರಿ ವಕೀಲರಿಗೆ ಅವುಗಳ ಭಾಷಾಂತರ ಬೇಕಾಯಿತು. ಸೋಮವಾರ ಮಧ್ಯಾಹ್ನ ಕಡತ ನನ್ನ ಮೇಜಿಗೆ ಬಂತು. ಪ್ರಯೋಗಾಲಯದಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬಳಿಗೇ. ನನ್ನ ಸಹೋದ್ಯೋಗಿಯ ವರದಿಗೆ ಲಗತ್ತಿಸಿದ್ದ ಸಂದೇಶಗಳ ಪಟ್ಟಿ, ಅಂದರೆ ಮೂರನೇ ಅನುಬಂಧದ ಏಳನೆಯ ಸಾಲು ಹೀಗಿತ್ತು: "ಕತ್ತಲಾತು, ಇವರು ಇನ್ನಾ ಬಂದಿಲ್ಲ. ನೀವರೆ ಬರ್ರಿ." ಅದರ ಎದುರಿನ ಸಮಯ, ಮಧ್ಯಾಹ್ನ ಎರಡು ಗಂಟೆ ನಲವತ್ತೆರಡು ನಿಮಿಷ.

ಮಧ್ಯಾಹ್ನ ಎಲ್ಲಿಯ ಕತ್ತಲು? ಪ್ರತಿಯನ್ನು ತೆರೆದು ನೋಡಿದೆ. ಕೆಲವು ಆ್ಯಪ್‌ಗಳು ಸಮಯವನ್ನು ಗ್ರೀನಿಚ್ ಗಡಿಯಾರದ ಲೆಕ್ಕದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಉಳಿದ ಪಟ್ಟಿಗಳಲ್ಲೆಲ್ಲ ಆಕೆ ಅದನ್ನು ಕೂಡಿಸಿದ್ದಳು, ಇದೊಂದರಲ್ಲಿ ಮರೆತಿದ್ದಳು. ಸಂದೇಶ ಹೋದದ್ದು ರಾತ್ರಿ ಎಂಟು ಹನ್ನೆರಡಕ್ಕೆ. ಕನ್ನಡ ಬಾರದವರಿಗೆ ಆ ಸಾಲು ಬರೀ ಅಕ್ಷರ. ಆಕೆಗೆ ಅನುಮಾನ ಬರುವಂತೆಯೇ ಇರಲಿಲ್ಲ.

ಕಡತದ ಕೊನೆಯಲ್ಲಿ ಆರೋಪಿಯ ವಕೀಲರು ಹಾಜರುಪಡಿಸಿದ ಒಂದು ಪುಸ್ತಕದ ನಕಲಿತ್ತು. ಆ ಕಟ್ಟಡದಲ್ಲಿ ಒಳಗೆ ಹೋಗುವವರೆಲ್ಲ ಫೋನನ್ನು ಗೇಟಿನ ಕಪಾಟಿನಲ್ಲಿಟ್ಟು ಸಹಿ ಹಾಕಬೇಕು. ಆ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವನ ಫೋನು ಕಪಾಟಿನಲ್ಲಿತ್ತು. ನಮ್ಮ ವರದಿಯ ಪ್ರಕಾರ ಸಂದೇಶ ಹೋದದ್ದು ಆ ಅವಧಿಯಲ್ಲಿ. ಬುಧವಾರ ಆ ವಕೀಲರು ನನ್ನ ಸಹೋದ್ಯೋಗಿಯನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಕಪಾಟಿನಲ್ಲಿದ್ದ ಫೋನಿನಿಂದ ಅವನು ಸಂದೇಶ ಕಳಿಸಿದ್ದು ಹೇಗೆ? ಆಮೇಲೆ ಯಾದಗಿರಿಯ ಆ ಹೆಂಗಸು ಬರೆದದ್ದಲ್ಲ ಎಂದು ಯಾರೂ ನಂಬುತ್ತಿರಲಿಲ್ಲ.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇದನ್ನು ಮೆದು ಮಾಡಿ ಹೇಳಲು ಬೇರೆ ಮಾತಿಲ್ಲ. ಗಡಿಯಾರ ನೋಡಿದೆ, ಮೂರು ಗಂಟೆ ಹತ್ತು ನಿಮಿಷ. ಆಕೆ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತು, ಕೋರ್ಟಿಗೆ ಯಾವ ಸೀರೆ ಉಡಲಿ ಎಂದು ಯಾರನ್ನೋ ಫೋನಿನಲ್ಲಿ ಕೇಳುತ್ತಿದ್ದಳು. ಸಾಕ್ಷಿಕಟ್ಟೆಯಲ್ಲಿ ಆ ಮಾತು ನಿಲ್ಲುವುದನ್ನು ಕಲ್ಪಿಸಿಕೊಂಡೆ. ಹೇಳಲಿಲ್ಲ. ಭಾಷಾಂತರ ಮುಗಿಸಿದೆ.

ಮಂಗಳವಾರ ಅದನ್ನು ನಾಂಪಲ್ಲಿಯ ಕೋರ್ಟಿಗೆ ಒಯ್ದೆ. ಸರ್ಕಾರಿ ವಕೀಲರ ಕೋಣೆಯ ಹೊರಗೆ ಕಾಯುತ್ತಿದ್ದಾಗ ಅವ್ವನ ಫೋನು ಬಂತು, ತಡವಾಗುತ್ತದೆಂದು ಹೇಳಿ ಇಟ್ಟೆ. ಬೆಂಚಿನ ತುದಿಯಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಸರಿದು ಹತ್ತಿರ ಬಂದಳು.

"ಅಕ್ಕಾರ, ನೀವು ನಮ್ಮ ಕಡಿಯವರೇನ್ರಿ?"

"ಹೂಂ ರಿ."

"ನಂದ ಐತ್ರಿ ನಾಳಿ ಕೇಸು. ಫೋನಿಂದು. ಆ ಲ್ಯಾಬಿನ ಅಕ್ಕಾರು ಬರ್ತಾರಂತ, ಭಾಳ ಶಾಣ್ಯಾ ಅದಾರಂತ್ರಿ. ಪೊಲೀಸರು ಹೇಳ್ಯಾರ, ಅವರು ನಿಂತು ಒಂದ್ ಮಾತ ಹೇಳಿದ್ರ ಸಾಕಂತ. ನಿಮಗ ಗೊತ್ತದಾರೇನ್ರಿ ಅವರು?"

ನಾನೂ ಅದೇ ಲ್ಯಾಬಿನವಳೆಂದು ಹೇಳಬಹುದಿತ್ತು. "ಗೊತ್ತದಾರ" ಎಂದಷ್ಟೇ ಹೇಳಿದೆ. ನನ್ನ ಭಾಷೆ ಆಡುವ, ನಾನು ಪ್ರತಿ ತೆಗೆದ ಫೋನಿನ ಮೇಲೆ ಬದುಕು ನಿಂತಿದ್ದ ಈ ಹೆಂಗಸೂ ನನ್ನ ಸಹೋದ್ಯೋಗಿಯ ಪಾಲಾದಳಲ್ಲ ಎಂದು ಹೊಟ್ಟೆ ಉರಿಯಿತು.

"ನನ್ನ ಮಗಳು ಫೋನಿನಾಗ ನನ್ನ ದನಿ ಕೇಳಿದ್ರ ಸಾಕು, ಇಟ್ಟಬಿಡ್ತಾಳ್ರಿ" ಎಂದಳು. "ನಿಮ್ಮವ್ವ ಕೆಟ್ಟಾಕಿ ಅಂತ ಹೇಳಿಕೊಟ್ಟಾರ. ಆರು ವರ್ಷದ ಕೂಸು, ಅದಕ್ಕೇನ ತಿಳೀತೈತಿ? ನಮ್ಮ ಮಾವ ಅಂದಾನ, ಕೋರ್ಟಿನಾಗ ಸುಳ್ಳಂತ ಆಗ್ಲಿ, ಮರುದಿನಾನ ಕೂಸಿನ್ನ ತಂದು ಬಿಡ್ತೀನಿ ಅಂತ."

"ಆಗ್ತದ ರಿ" ಎಂದೆ. ವಕೀಲರ ಕೋಣೆ ಐದು ಹೆಜ್ಜೆ ದೂರ. ಒಳಗೆ ಹೋಗಿ ಭಾಷಾಂತರ ಕೊಟ್ಟು, ಸಹಿ ಪಡೆದು, ಬಾಯಿ ಬಿಡದೆ ಹೊರಬಂದೆ. ಆಕೆ ಬೆಂಚಿನಿಂದೆದ್ದು ನನಗೆ ಕೈಮುಗಿದಳು.

ಸಂಜೆ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಅವ್ವ ಮೆಂತ್ಯಸೊಪ್ಪು ಸೋಸುತ್ತಿದ್ದಳು. "ನಿನ್ನ ಗೆಳತಿ ಮೂರು ಸಲ ಫೋನ್ ಮಾಡಿದ್ಳಂತ, ನೀ ಎತ್ತಲಿಲ್ಲಂತ. ಕಡೀಕ ನನಗ ಮಾಡಿದ್ಳು. ಕನ್ನಡ ಮೆಸೇಜಿಂದು ಏನೋ ಕೇಳೋದಿತ್ತಂತ."

"ನೋಡ್ತೀನಿ."

"ಊಟ ಆತೇನ್ರಿ ಅವ್ವಾರ, ಅಂದ್ಳು! ಎಷ್ಟ್ ಛಂದ ಅಂದ್ಳು ಅಂತಿ. ಎಲ್ಲಿ ಕಲತಿ ಅಂತ ಕೇಳಿದ್ರ, ನಿಮ್ಮ ಮಗಳು ಫೋನಿನಾಗ ಮಾತಾಡೋದು ಕೇಳಿ ಅಂದ್ಳು. ನೀ ಅಷ್ಟರ ಮಾತಾಡ್ತಿಯಲ್ಲ ಅಲ್ಲಿ, ಪುಣ್ಯಾ ಬಂತು."

"ಆಕಿ ಎಲ್ಲಾರ ಜೋಡಿನೂ ಹಂಗ, ಅವ್ವಾ."

"ಮತ್ತ ನೀ ಯಾಕ ಹಿಂಗ? ಹೊಟ್ಟ್ಯಾಗ ಏನರೆ ಇಟ್ಕೊಂಡ ಕುಂತ್ರ ತಿಂದದ್ದು ಅರಗಂಗಿಲ್ಲ ನೋಡು."

ನನ್ನ ಮನೆಯೊಳಗೂ ಆಕೆ ಬಂದು ಕುಳಿತಿದ್ದಳು, ನಮ್ಮದೇ ಮಾತಿನಲ್ಲಿ. ನಾನು ಉಂಡು ಮಲಗಿದೆ. ನಿದ್ದೆ ಬಂತು. ನಿದ್ದೆಗೆಟ್ಟೆ ಎಂದು ಬರೆದರೆ ನನಗೆ ಹೆಚ್ಚು ಗೌರವ ಬರುತ್ತಿತ್ತು, ಆದರೆ ಬಂತು. ಬೆಳಿಗ್ಗೆ ಎದ್ದ ಕೂಡಲೇ ನೆನಪಾದದ್ದು ನನ್ನ ಸಹೋದ್ಯೋಗಿ ಅಲ್ಲ. ದನಿ ಕೇಳಿದ ಕೂಡಲೇ ಫೋನು ಇಡುವ ಆರು ವರ್ಷದ ಕೈ.

ಏಳೂ ಮುಕ್ಕಾಲಿಗೆ ಪ್ರಯೋಗಾಲಯ ತೆರೆದೆ. ಹ್ಯಾಶ್ ಸಂಖ್ಯೆ ಹೊಂದಿಸಿ ನೋಡಿ, ಪ್ರತಿಯಿಂದ ಆ ಪಟ್ಟಿಯನ್ನು ಮತ್ತೆ ತೆಗೆದು, ಐದೂವರೆ ಗಂಟೆ ಕೂಡಿಸಿ ಮುದ್ರಿಸಿದೆ. ಎಂಟೂವರೆಗೆ ಆಕೆ ಬಂದಳು. ಕಡುನೀಲಿ ಕಾಟನ್ ಸೀರೆ, ನೆರಿಗೆಗಳು ಗೆರೆ ಎಳೆದಂತೆ. ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಎದುರಿಗಿಟ್ಟು ಏಳನೆಯ ಸಾಲಿನ ಅರ್ಥ ಹೇಳಿದೆ.

"ಅಯ್ಯೋ ದೇವುಡಾ" ಎಂದು ಎರಡೂ ಹಾಳೆಗಳನ್ನು ಹತ್ತಿರ ಎಳೆದುಕೊಂಡಳು. ಮರುಕ್ಷಣ ನನ್ನ ಕೈ ಹಿಡಿದು, ನೀನು ನೋಡದಿದ್ದರೆ ಆ ಹೆಂಗಸಿನ ಗತಿ ಏನಾಗುತ್ತಿತ್ತು ಎಂದಳು. ತನ್ನ ಗತಿ ಎನ್ನಲಿಲ್ಲ. ತಪ್ಪು ಒಪ್ಪುವುದೂ ಆಕೆಗೆ ಎಷ್ಟು ಸುಲಭ ಎಂದು ಆಗಲೂ ನನಗೆ ಹೊಟ್ಟೆಕಿಚ್ಚಾಯಿತು.

ವಕೀಲರಿಗೆ ಫೋನ್ ಮಾಡಿದೆವು. ತಿದ್ದುಪಡಿ ವರದಿಯನ್ನು ಇವತ್ತೇ ತನ್ನಿ, ಸಾಕ್ಷ್ಯಕ್ಕೆ ಮೊದಲು ನಾನೇ ನ್ಯಾಯಾಧೀಶರ ಮುಂದಿಡುತ್ತೇನೆ ಎಂದರು. ಅದರ ನಮೂನೆಯಲ್ಲಿ ಒಂದು ಕಲಂ ಇದೆ: ತಪ್ಪು ಮೊದಲು ಗಮನಕ್ಕೆ ಬಂದದ್ದು ಯಾವಾಗ, ಯಾರಿಗೆ. ಆಕೆ ಅವಸರದಲ್ಲಿ ಇವತ್ತಿನ ದಿನಾಂಕ ತುಂಬಲು ಹೋದಳು. ನಾನು ಪೆನ್ನು ಇಸಿದುಕೊಂಡು ನನ್ನ ಹೆಸರು ಬರೆದೆ. ಅದರ ಮುಂದೆ, ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.

ಆಕೆ ಅದನ್ನು ಎರಡು ಸಲ ಓದಿದಳು. "ಸೋಮವಾರಮಾ?" ಎಂದಳು. ಹೌದೆಂದೆ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ತನ್ನ ಸಹಿ ಹಾಕಿ, ಹಾಳೆಯನ್ನು ನನ್ನತ್ತ ಸರಿಸಿದಳು. ನಾನು ಅದರ ಕೆಳಗೆ ನನ್ನದನ್ನು ಹಾಕಿ, ನಾಂಪಲ್ಲಿಗೆ ಆಟೊ ಕರೆದೆ.